ಡ್ರೈವರ್ ಬೇಕಾಗಿದೆ

"ಒಳ್ಳೇ ಡ್ರೈವರ್ ಬೇಕಿತ್ತು, ಬೇಗ" ಎಂದು
ಅಂಗಡಿ ಬಾಗಿಲಲ್ಲಿ ನಿಂತು ಫೋನಿನಲ್ಲಿ ಅಂದದ್ದಷ್ಟೇ.
ಅರ್ಧ ಗಂಟೆಗೆಲ್ಲ ವಿರಾಜಪೇಟೆ ಜೀಪ್ ಸ್ಟ್ಯಾಂಡಿನಿಂದ
ಮೂಸ ಬಂದ, ಲೈಸೆನ್ಸ್ ಹಿಡಿದು.
ಮಾಕುಟ್ಟದ ತಿರುವುಗಳನ್ನು
ಕಣ್ಣು ಮುಚ್ಚಿ ಇಳಿಸುತ್ತಾನಂತೆ.
ಚಾ ಕುಡಿಸಿದೆ. ನನಗೆ ಬೇಕಾದದ್ದಕ್ಕೆ
ಹದಿನಾರು ಕಾಲು, ಮೈ ಹೆಬ್ಬೆರಳಿನ ಉಗುರಿನಷ್ಟು
ಎಂದು ಹೇಳುವುದು ಹೇಗೆ?

ಕೆಲಸ ಐರಿ ಮೊಣ್ಣಪ್ಪಣ್ಣನದು.
ಇದ್ದಿಲ ಹೊಗೆ ಎದೆಗಿಳಿದು
ಕುಲುಮೆಗೆ ಹೋಗಬೇಡ ಎಂದಿದ್ದಾರೆ ಡಾಕ್ಟರು.
ಕೈಲ್ ಮುಹೂರ್ತಕ್ಕೆ ಹನ್ನೊಂದು ಒಡಿಕತ್ತಿ
ಮಾತು ಕೊಟ್ಟಾಗಿದೆ.
"ಬೆಂಕಿಯಿಲ್ಲದೆ ಕಬ್ಬಿಣ ಕಾಯಿಸುವ ಪೆಟ್ಟಿಗೆ ಇದೆಯಂತಲ್ಲ,
ಮಾಡಿಕೊಡು ಬೊಳ್ಳಮ್ಮ."

ಪೆಟ್ಟಿಗೆಯೊಳಗೆ ಎರಡು ಮಾಸ್‌ಫೆಟ್, ಮೇಲೊಂದು ಕೆಳಗೊಂದು.
ಮೇಲಿನದು ತೆರೆದಾಗ ಕೆಳಗಿನದು ಮುಚ್ಚಿರಬೇಕು,
ಕೆಳಗಿನದು ತೆರೆದಾಗ ಮೇಲಿನದು,
ಸೆಕೆಂಡಿಗೆ ಒಂದು ಲಕ್ಷದ ಇಪ್ಪತ್ತು ಸಾವಿರ ಸಲ.
ಬಾವಲಿಗೂ ಕೇಳಿಸುವುದು ಕಷ್ಟ.
ಎರಡೂ ಒಟ್ಟಿಗೆ ತೆರೆದವೋ,
ಮುನ್ನೂರು ವೋಲ್ಟು ನೆಟ್ಟಗೆ ನೆಲಕ್ಕೆ.
ಟಪ್.
ಜೋಡಿಗೆ ಒಂಬೈನೂರು ರೂಪಾಯಿ.

ಮೊದಲ ಡ್ರೈವರ್ ಹಳೇ ಯುಪಿಎಸ್ಸಿನಿಂದ ಕಿತ್ತದ್ದು.
ಗೇಟು ತುಂಬಿಸಲು ಅದಕ್ಕೆ ಶಕ್ತಿ ಸಾಲದು;
ಅರೆತೆರೆದ ಬಾಗಿಲಲ್ಲಿ ಸಿಕ್ಕಿಕೊಂಡ ಮಾಸ್‌ಫೆಟ್
ಬೆವರಿ ಬೆವರಿ ಸತ್ತಿತು.
ಎರಡನೆಯದು ಒಂಬತ್ತು ಆಂಪಿಯರಿನ ಪೈಲ್ವಾನ.
ಎಳೆದ ರಭಸಕ್ಕೆ ನಡುವಿನ ತಂತಿ ಗುಯ್‌ಗುಟ್ಟಿ
ನೆಲಕ್ಕಿಂತ ಕೆಳಗೆ ಮುಳುಗಿ ಎದ್ದಿತು.
ಪಾಪ, ಮೇಲಿನ ಗೇಟಿಗೆ ತನ್ನದೆಂಬ ನೆಲವಿಲ್ಲ,
ಮುನ್ನೂರು ವೋಲ್ಟು ಏರಿಳಿಯುವ ಉಯ್ಯಾಲೆಯ ಮೇಲೆ ಅದರ ವಾಸ,
ಒಂದು ಪುಟ್ಟ ಕೆಪಾಸಿಟರ್ ಅದರ ಬುತ್ತಿ,
ಕೆಳಗಿನದು ತೆರೆದಿರುವಷ್ಟು ಹೊತ್ತಿನಲ್ಲೇ ಕಟ್ಟಿಕೊಳ್ಳಬೇಕು.
ಆ ಮುಳುಗಿನಲ್ಲಿ ಡ್ರೈವರಿಗೆ
ತಾನು ತೆರೆದದ್ದೋ ಮುಚ್ಚಿದ್ದೋ ಎಂಬುದೇ ಮರೆಯಿತು.
ಟಪ್.

ಹೊರಗೆ ತೋಟವೆಲ್ಲ ಕಾಫಿ ಹೂವಿನ ಘಮ.
ಒಳಗೆ ಸುಟ್ಟ ಎಪಾಕ್ಸಿ.

ಎಂಟು ಹೆಣಗಳನ್ನು ಬಾಟಲಿ ಮುಚ್ಚಳದಲ್ಲಿ ಪೇರಿಸಿದ್ದೆ.
ಮೊಣ್ಣಪ್ಪಣ್ಣ ಒಂದನ್ನೆತ್ತಿ ಮೂಸಿ ನೋಡಿದ.
"ಹನ್ನೆರಡು ಆಂಪಿಯರಿನದು ತರಿಸಲಾ?" ಅಂದೆ.
ಉತ್ತರಕ್ಕೆ ಎಡಗೈ ಹೆಬ್ಬೆರಳು ಚಾಚಿದ,
ಚಪ್ಪಟೆ, ಉಗುರಿಲ್ಲ.
"ಇದು ಬಲ ಕಮ್ಮಿಯಾಗಿ ಆದದ್ದಲ್ಲ.
ಅಳಿಯನ ಸುತ್ತಿಗೆ, ತಮ್ಮನ ಸುತ್ತಿಗೆ
ಎರಡೂ ಒಂದೇ ಸಲ ಬಂದವು."
ಜೇಬಿನಿಂದ ಸಣ್ಣ ಸುತ್ತಿಗೆ ತೆಗೆದು
ನನ್ನ ವೈಸಿನ ಮೇಲೆ ತಟ್ಟಿದ. ಟಿಣ್.
ತಡೆದು, ಮತ್ತೆ ಟಿಣ್.
"ಇದು ಕಬ್ಬಿಣ ಬಡಿಯುವುದಲ್ಲ.
ಬಡಿಯುವ ಇಬ್ಬರಿಗೂ ಸರದಿ ಹೇಳುವುದು."

ಆ ರಾತ್ರಿ ಡೇಟಾಶೀಟುಗಳ
ಮೊದಲ ಪುಟ ಬಿಟ್ಟೆ.
ಆರನೆಯ ಪುಟದ ಸಣ್ಣಕ್ಷರದ ಕೋಷ್ಟಕದಲ್ಲಿ ಸಿಕ್ಕಿತು:
ನಾಲ್ಕೇ ಆಂಪಿಯರು. ಆದರೆ ಎರಡು ಕೈಗಳ ನಡುವಿನ ಅಂತರ
ಐದು ನ್ಯಾನೋಸೆಕೆಂಡು ಮೀರದು.
ಒಂದು ಮುಚ್ಚಿ ಇನ್ನೊಂದು ತೆರೆಯುವ ಮಧ್ಯದ ಮೌನವನ್ನು
ಒಂದು ರೆಸಿಸ್ಟರಿನಿಂದ ನಾನೇ ಅಳೆದು ಇಡಬಹುದು.
ಉಯ್ಯಾಲೆ ಎಷ್ಟೇ ಜೀಕಲಿ, ಗಾಬರಿಯಿಲ್ಲ.
ಸಂಜೆ ಲೈನಿನಲ್ಲಿ ವೋಲ್ಟೇಜು ಕುಸಿದರೆ
ಅರೆಮನಸ್ಸಿನಿಂದ ದುಡಿಯುವುದೂ ಇಲ್ಲ, ಸುಮ್ಮನಾಗುತ್ತದೆ.
ಗೇಟಿನಿಂದ ಎರಡು ಕಾಳುಮೆಣಸಿನಷ್ಟು ದೂರದಲ್ಲಿ
ಬೆಸುಗೆ ಹಾಕಿದೆ. ಅದಕ್ಕಿಂತ ಉದ್ದದ ದಾರಿ
ಅದರ ಮಾತನ್ನು ಕೆಡಿಸುತ್ತದೆ.

ಮೂಸ ಮತ್ತೆ ಬಂದ, ಜೀಪಿನ ಮುರಿದ ಸ್ಪ್ರಿಂಗ್ ಪಟ್ಟಿ ಹೊತ್ತು.
ಒಡಿಕತ್ತಿಗೆ ಅದಕ್ಕಿಂತ ಒಳ್ಳೆಯ ಉಕ್ಕಿಲ್ಲ.
"ಸಿಕ್ಕಿದನಾ ಡ್ರೈವರ್?"
"ಸಿಕ್ಕಿತು."
"ಸಂಬಳ?"
"ನೂರ ಎಂಬತ್ತು."
"ದಿನಕ್ಕಾ?"
"ಜೀವಮಾನಕ್ಕೆ."
ಅವನಿಗೆ ನಗು ಬರಲಿಲ್ಲ.

ಸ್ವಿಚ್ಚು ಒತ್ತಿದೆ. ಟಪ್ ಎನ್ನಲಿಲ್ಲ.
ತಾಮ್ರದ ಸುರುಳಿಯೊಳಗೆ ಪಟ್ಟಿಯ ತುದಿ
ಮೊದಲು ಕಂದು, ಆಮೇಲೆ ಮಾಗಿದ ಕಾಫಿ ಹಣ್ಣು,
ಆಮೇಲೆ ಕಿತ್ತಳೆ.
ಹೊಗೆಯಿಲ್ಲ, ಕಿಡಿಯಿಲ್ಲ, ಸದ್ದಿಲ್ಲ.
ಮೊಣ್ಣಪ್ಪಣ್ಣ ಕೆಮ್ಮಲಿಲ್ಲ, ಮಾತೂ ಆಡಲಿಲ್ಲ.
ಬಲಗೈ ಮಾತ್ರ ತಲೆಯ ಮೇಲಕ್ಕೆ ಚಾಚಿ
ಅಲ್ಲಿಲ್ಲದ ತಿದಿಯ ಹಗ್ಗವನ್ನು
ಹುಡುಕುತ್ತಿತ್ತು.