ಬಗಲಲ್ಲಿಟ್ಟರೆ ಒಂದು ಡಿಗ್ರಿ ಕಡಿಮೆ

ಆಟೋ ಕಾಂಪ್ಲೆಕ್ಸಿನ ಮೂರನೇ ಸಾಲಿನಲ್ಲಿ
ಜಬೀವುಲ್ಲಾ ನನ್ನ ಎಸ್ಟೀಮಿನ ಅಡಿಗೆ ಮಲಗಿದ್ದಾನೆ,
ಕಾಲೆರಡು ಮಾತ್ರ ಹೊರಗೆ.
ನೈಟ್ ಡ್ಯೂಟಿ ಮುಗಿಸಿ ನೇರ ಬಂದವಳು
ಹಳೇ ಟೈರಿನ ಮೇಲೆ ಕೂತು
ಆ ಹಿಮ್ಮಡಿಯ ಬಿರುಕು ನೋಡುತ್ತಿದ್ದೇನೆ.
ಸಕ್ಕರೆ ಕಾಯಿಲೆಯ ಗುಮಾನಿ ನನಗೆ.
ಹೇಳಿದರೆ ನಗುತ್ತಾನೆ:
"ನಾನು ಆರಾಮ್ ಸಿಸ್ಟರ್, ಗಾಡಿ ನೋಡೋಣ."

ಆರಾಮ್.
ಹೋದ ವರ್ಷ ಹುಲಿಕಲ್ ಘಾಟಿಯಲ್ಲಿ
ನೀರಿನ ಮುಳ್ಳೂ ಇದನ್ನೇ ಹೇಳುತ್ತಿತ್ತು.
ಹೊಸಂಗಡಿ ಬಿಟ್ಟಾಗಿನಿಂದ ಎರಡನೇ ಗೇರು,
ಮುಂದೆ ಜಲ್ಲಿ ಲಾರಿ, ಏಪ್ರಿಲ್ ಬಿಸಿಲು.
ಮುಳ್ಳು ಮಾತ್ರ ನಟ್ಟನಡುವೆ,
ಇನ್‌ಸ್ಪೆಕ್ಷನ್‌ಗೆ ನಿಂತ ವಾರ್ಡ್‌ಬಾಯ್ ಹಾಗೆ.
ಒಳಗೆ ಆಯಿಲ್ಲು ತಿಳಿಸಾರಾಗಿದ್ದು ಯಾರಿಗೆ ಗೊತ್ತು?
ಆಮೇಲೆ ಒಂದು ಸದ್ದು,
ಡಬ್ಬದಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂತೆ.
ಬೇರಿಂಗ್ ಹೋಯಿತು, ಕ್ರ್ಯಾಂಕೂ ಹೋಯಿತು,
ಎರಡು ತಿಂಗಳ ಸಂಬಳವೂ.

ಅದಕ್ಕೇ ಈಗ ಆಯಿಲ್ಲಿಗೇ ಒಂದು ಥರ್ಮಾಮೀಟರು.
ಕೊರಿಯರಿನಲ್ಲಿ ಬಂದದ್ದು: ಹಿತ್ತಾಳೆಯ ಸೆನ್ಸರ್,
ಕಿರುಬೆರಳಿನಷ್ಟು ಮೂತಿ, ಒಂದೇ ಒಂದು ತಂತಿ,
ದುಂಡು ಮೀಟರು, ಚೀನೀ ಅಕ್ಷರದ ಕಾಗದ.
ಕಾಗದವನ್ನು ಅವನು ಟೀ ಲೋಟದಡಿ ಇಟ್ಟ.

ಎಲ್ಲಿ ಕೂರಿಸೋದು? ಅರ್ಧ ಗಂಟೆ ಅದೇ ಚರ್ಚೆ.
ಸಂಪಿನ ಬೋಲ್ಟಿಗಾ, ಫಿಲ್ಟರಿನ ಬುಡಕ್ಕಾ?
ಸಂಪಿಗೆ ಗಾಳಿ ಬಡಿಯುತ್ತೆ, ಹಂಪ್ ತಾಗಿದರೆ ಖಲಾಸ್,
ಫಿಲ್ಟರಿಗಾದರೆ ನಡುವೆ ಒಂದು ತಟ್ಟೆ ಬೇಕು.
ನನಗೆ ಈ ವಿದ್ಯೆ ಗೊತ್ತು.
ಇಪ್ಪತ್ತಾರು ವರ್ಷ ಮೆಗ್ಗಾನಿನಲ್ಲಿ ಮತ್ತೇನು ಮಾಡಿದೆ?
ಬಗಲಲ್ಲಿಟ್ಟರೆ ಒಂದು ಡಿಗ್ರಿ ಕಡಿಮೆ.
ನಾಲಿಗೆಯಡಿ ಪರವಾಗಿಲ್ಲ,
ಕಾಫಿ ಕುಡಿದು ಬಂದವನದಾದರೆ ಅದೂ ಸುಳ್ಳು.
ಎಷ್ಟು ಎಂದು ಬರೆಯುವ ಮೊದಲು
ಎಲ್ಲಿ ಎಂದು ಬರೆಯಬೇಕು ಚಾರ್ಟಿನಲ್ಲಿ.

"ಫಿಲ್ಟರಿಗೇ ಹಾಕು" ಅಂದೆ.

ಬಿಚ್ಚಿದ. ಕರಿ ಎಣ್ಣೆ ಮೊಣಕೈವರೆಗೆ ಇಳಿಯಿತು.
ತಟ್ಟೆಯ ಓ-ರಿಂಗಿಗೆ ಹೊಸ ಎಣ್ಣೆ ಸವರಿದ,
ನಾವು ಕ್ಯಾಥೆಟರಿಗೆ ಜೆಲ್ಲಿ ಸವರುವ ಹಾಗೆ, ಬೆರಳ ತುದಿಯಲ್ಲಿ.
ಫಿಲ್ಟರನ್ನು ಕೈಯಲ್ಲೇ ಬಿಗಿದ, ಪಾನಾ ಮುಟ್ಟಲಿಲ್ಲ.
ಸೆನ್ಸರಿನ ಥ್ರೆಡ್ಡಿಗೆ ಮಾತ್ರ ಬಿಳಿ ಟೇಪು
ಸುತ್ತಿದ, ಸುತ್ತಿದ, ನಲ್ಲಿಗೆ ಸುತ್ತುವ ಹಾಗೆ,
ಒಂದು ಹನಿಯೂ ಜಿನುಗಬಾರದು.

ಕೀ ತಿರುಗಿಸಿದೆ. ಹತ್ತು ನಿಮಿಷ. ಇಪ್ಪತ್ತು.
ಮುಳ್ಳು ಸತ್ತಂತಿತ್ತು.

ಮೀಟರನ್ನು ಬೈದ. ಚೀನಾವನ್ನು, ಕೊರಿಯರಿನವನನ್ನು ಬೈದ.
ಸ್ಪ್ಯಾನರ್ ಒರೆಸುತ್ತಿದ್ದ ಹುಡುಗ ತನ್ವೀರ್
ತಲೆ ಎತ್ತದೆ ಅಂದ: "ಚಾಚಾ, ಟೇಪು."
ತಂತಿ ಒಂದೇ. ವಾಪಸ್ ದಾರಿ ಇಂಜಿನ್ನಿನ ಮೈಯೇ.
ಅಷ್ಟು ಸುತ್ತಿದರೆ
ಮೈಗೆ ಮೈ ತಾಗುವುದೆಲ್ಲಿಂದ?

ಆರಲಿ ಎಂದು ಎರಡು ಟೀ ಕುಡಿದೆವು.
ಟೇಪು ಕೆರೆದು, ತುದಿ ಬಿಟ್ಟು ಒಂದಿಷ್ಟು ಪೇಸ್ಟು ಹಚ್ಚಿ
ಮತ್ತೆ ಕೂರಿಸಿದ.
ಈ ಸಲ ಮುಳ್ಳು ಮೊದಲು ನಡುಗಿತು,
ಆಮೇಲೆ ಎದ್ದಿತು, ಡ್ರಿಪ್ ಹತ್ತಿದ ರೋಗಿಯಂತೆ, ಅವಸರವಿಲ್ಲದೆ.

ಕಿಟಕಿಯಲ್ಲಿ ತಲೆ ತೂರಿಸಿ ಕೇಳಿದ:
"ಎಷ್ಟು ಸಿಸ್ಟರ್?"
"ಎಂಬತ್ತೆಂಟು."
"ಎಲ್ಲಿಟ್ಟು ನೋಡಿದ್ದು?"
ನಗು ತಡೆಯಲಾಗಲಿಲ್ಲ.
ನಗುತ್ತಲೇ ಬ್ಯಾಗಿನಿಂದ ಸಕ್ಕರೆ ಮೀಟರು ತೆಗೆದೆ.
"ಈಗ ನಿನ್ನ ಬೆರಳು. ಪೆಟ್ರೋಲ್ ಬಟ್ಟೆ ಬೇಡ,
ಸೋಪು ಹಾಕಿ ತೊಳೆದು ಬಾ."

ತೊಳೆದು ಬಂದ, ಯಾಕೋ ಮಾತಿಲ್ಲದೆ.
ಮೂವತ್ತು ವರ್ಷದ ಜಡ್ಡು, ಸೂಜಿ ಇಳಿಯಲೊಲ್ಲದು.
ಮೂರನೇ ಸಲಕ್ಕೆ ಒಂದು ಹನಿ.
ನಂಬರು ಬರಲು ಐದು ಸೆಕೆಂಡು.
ತನ್ವೀರ್ ಬಗ್ಗಿ ನೋಡುತ್ತಿದ್ದ.
ಜಬೀವುಲ್ಲಾ ಮಾತ್ರ ಡ್ಯಾಶ್‌ಬೋರ್ಡಿನ ಕಡೆ ಮುಖ ಮಾಡಿ
"ತೊಂಬತ್ತಾಯ್ತು ನೋಡಿ" ಅಂದ.
ಇಂಜಿನ್ ಓಡುತ್ತಲೇ ಇತ್ತು.