ಖಾಲಿ ಗುಳ್ಳೆ

ಜೂನ್ ತಿಂಗಳಲ್ಲಿ ಐಸ್ ಫ್ಯಾಕ್ಟರಿಗೆ ಕೆಲಸವಿಲ್ಲ.
ಬೈತಖೋಲದ ಧಕ್ಕೆಯಲ್ಲಿ ಬೋಟುಗಳು
ಪಕ್ಕೆಗೆ ಪಕ್ಕೆ ತಾಗಿಸಿ ಮಲಗಿವೆ,
ನನ್ನ ಲೆಕ್ಕದ ಪುಸ್ತಕದಲ್ಲಿ ಬರೀ ತಾರೀಖು.

ಎರಡು ಶನಿವಾರಕ್ಕೊಮ್ಮೆ, ಹುಬ್ಬಳ್ಳಿ ಬಸ್ಸಿನ ನೆತ್ತಿಯೇರಿ
‘ಚುಕ್ಕಾಣಿ ಚಂದ್ರಿ’ ಕಾರವಾರಕ್ಕೆ ಇಳಿಯುತ್ತದೆ.
ಇಪ್ಪತ್ನಾಲ್ಕು ಪುಟ, ಮೂವತ್ತೈದು ರೂಪಾಯಿ.
ರೇವಣಕರ ಮಾಸ್ತರರು ಮೊಮ್ಮಗನ ಹೆಸರಲ್ಲಿ ಒಂದು ಕೊಳ್ಳುತ್ತಾರೆ;
ಮೊಮ್ಮಗನಿಗೆ ಇನ್ನೂ ಎರಡೇ ಹಲ್ಲು.
ಇನ್ನೊಂದು ನನಗೆ.

ಚಂದ್ರಿಗೆ ಹದಿನಾರೋ ಅರವತ್ತೋ ತಿಳಿಯುವುದಿಲ್ಲ,
ಬಿಡಿಸುವವರು ಮುಖಕ್ಕೆ ಯಾವತ್ತೂ ನೆರಳು ಹಾಕುತ್ತಾರೆ.
ಒಂದೇ ಕಿವಿಯ ನಾಯಿ, ಹಸಿರು ದೋಣಿ,
ಬೆನ್ನು ಹತ್ತಿದವನು ಉಪ್ಪಿನ ದೊರೆ:
ಅವನು ಕುಡಿದ ಕಡಲು ಬಯಲಾಗುತ್ತದೆ,
ಬಯಲಿಗೆ ಮರುದಿನವೇ ಬೇಲಿ.

‘ಶ್ರೀ ಮಹಾಸತಿ’ ಬೋಟಿನ ತಾಡಪಾಲಿನಡಿ ಕೂತು ಓದಿ ಹೇಳುತ್ತೇನೆ.
ಖೇಮು ತಾಂಡೇಲ, ಹರಿದ ಬಲೆಗೆ ಕಣ್ಣು ಕಟ್ಟುವವ,
ಓದು ಬಾರದು, ಬಾರದ್ದಕ್ಕೆ ಬೇಸರವೂ ಇಲ್ಲ.
ಬಿಜಯ ಬೆಹೆರಾ, ಗಂಜಾಮಿಗೆ ಎಲ್ಲರೂ ಹೋದ ಮೇಲೆ
ಬೋಟು ಕಾಯಲು ಉಳಿದವ.
ನಾನು ಮೊದಲ ಗುಳ್ಳೆಯ ಮಾತು ಮುಗಿಸುವುದರೊಳಗೆ
ಅವನು ನಾಲ್ಕನೇ ಚೌಕದಲ್ಲಿ ನಗುತ್ತಿರುತ್ತಾನೆ.
ಖೇಮು ಪುಟವನ್ನು ಬೆಳಕಿಗೆ ಹಿಡಿದು ಎಣಿಸುತ್ತಾನೆ:
‘ಒಂಬತ್ತು ಕಣ್ಣು. ಬಂಗಡೆಗೆ ದೊಡ್ಡದಾಯ್ತು.’
ಚಿತ್ರವನ್ನು ಅವನು ಓದುವುದು ಹಗ್ಗದಿಂದ.
ಹಗ್ಗ ಎಲ್ಲಿಂದ ಬಂತು, ಯಾರ ಕೈಗೆ ಹೋಯಿತು,
ಮುಖ ಆಮೇಲೆ.

ಹನ್ನೆರಡನೇ ಸಂಚಿಕೆ. ಹಡಗಿನ ಪಕ್ಕೆಯಲ್ಲಿ
ಜೋತುಬಿದ್ದಿದ್ದಾಳೆ ಚಂದ್ರಿ, ಕೆಳಗೆ ಬೆಳ್ಳಗೆ ಬಾಯ್ದೆರೆದ ಉಪ್ಪು.
ಮುಂದಿನ ಸಂಚಿಕೆಯಲ್ಲಿ, ಎಂದು ಬರೆದಿದೆ.
ಖೇಮುವಿನ ಬೆರಳು ಗಂಟಿನ ಮೇಲೆ:
‘ಇದು ನಿಲ್ಲೂದಿಲ್ಲ ಬಾಯೆ. ಯಾರು ಬಿಡಿಸಿದ್ದು?
ನೀರು ಕಂಡವನಲ್ಲ.’
ಪೋಸ್ಟ್‌ಕಾರ್ಡಿಗೆ ನೈಲಾನ್ ದಾರ ಹೊಲಿದು, ಸರಿಯಾದ ಗಂಟು ಹಾಕಿ
ಪ್ರಕಾಶಕರ ವಿಳಾಸಕ್ಕೆ ಕಳಿಸಿದೆವು.
ಪೋಸ್ಟಾಫೀಸಿನವಳು ಎರಡು ಸಲ ತೂಗಿದಳು.

ಘಟ್ಟದಲ್ಲಿ ಮರ ಬಿದ್ದು ಹದಿಮೂರು ಬರುವುದು ಮೂರು ದಿನ ತಡ.
ಆ ಮೂರು ದಿನ ಧಕ್ಕೆಯಲ್ಲಿ ಚಂದ್ರಿ ಏಳು ಸಲ ಸತ್ತಳು,
ಡೀಸೆಲ್ ಬಂಕಿನ ಹುಡುಗ ಅವಳಿಗೆ ಮದುವೆಯನ್ನೂ ಮಾಡಿಸಿದ.
ಕೊನೆಗೆ ಬಂತು. ಗಂಟು ಅದೇ ತಪ್ಪು ಗಂಟು,
ಹುಡುಗಿ ಮಾತ್ರ ಬಿದ್ದಿಲ್ಲ.
ಖೇಮು ನೋಡಿದ, ನೋಡಿದ, ಬೀಡಿ ಆರಿತು.
‘ಹಂಗಾರೆ ಕೈ ಗಟ್ಟಿ ಅವಳದ್ದು.’
ಮತ್ತೆ ಆ ಮಾತು ಎತ್ತಲಿಲ್ಲ.

ಆದರೆ ಕೊನೆಯ ಚೌಕ!
ಚಂದ್ರಿ ಮೊದಲ ಸಲ ನಮ್ಮತ್ತ ತಿರುಗಿದ್ದಾಳೆ, ಬಾಯಿ ತೆರೆದಿದೆ,
ಗುಳ್ಳೆ ಖಾಲಿ.
ಅಚ್ಚಿನವರು ಮರೆತರೋ, ಬೇಕೆಂದೇ ಬಿಟ್ಟರೋ.
ಮಾಸ್ತರರ ಪ್ರತಿಯಲ್ಲೂ ಖಾಲಿ, ಮಳೆಯಲ್ಲಿ ಓಡಿ ನೋಡಿ ಬಂದೆ.
‘ಶುದ್ಧ ಮುದ್ರಣದೋಷ,’ ಎಂದರು ಅವರು, ಕನ್ನಡಕ ಒರೆಸಿ
ಮತ್ತೊಮ್ಮೆ ನೋಡಿದರು.
‘ನಾಯಿ ಕರೀತಾಳೆ, ಮತ್ತೆಂತ,’ ಎಂದ ಖೇಮು.
ಬಿಜಯ ಏನೂ ಹೇಳಲಿಲ್ಲ.

ಆಗಸ್ಟಿಗೆ ಕಡಲು ತೆರೆಯಿತು. ಐಸು ಪುಡಿಯಾಗುವ ಸದ್ದಿನಲ್ಲಿ
ನನ್ನ ಹೆಸರು ನನಗೇ ಕೇಳಿಸದು.
ಹದಿಮೂರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದ ಬಿಜಯ,
ಒಂಬತ್ತು ದಿನ ಕಳೆದು ತಂದುಕೊಟ್ಟ.
ಪುಟಗಳು ಉಬ್ಬಿವೆ. ಉಪ್ಪಿನ ದೊರೆಯ ಎದೆ ಮೇಲೆ
ತಾರ್ಲೆಯ ಹುರುಪೆಯೊಂದು, ಪದಕದ ಹಾಗೆ.
ಕೊನೆಯ ಗುಳ್ಳೆ ತುಂಬಿದೆ: ನೀಲಿ ಪೆನ್ನು, ಒಂದೂವರೆ ಸಾಲು, ಒಡಿಯಾ.
ನಮ್ಮ ಅಕ್ಷರದಷ್ಟೇ ಗುಂಡಗೆ,
ಒಂದೂ ನನಗೆ ಗುರುತಿಲ್ಲ.

‘ಎಂತ ಬರೆದದ್ದಾ?’ ಎಂದು ಕೂಗಿದೆ.
ಐಸು ತುಂಬಿದ ಬೋಟು ಆಗಲೇ ತಿರುಗಿತ್ತು.
ಅವನ ಬಾಯಿ ಆಡಿತು, ಎಂಜಿನ್ನು ನುಂಗಿತು.
ನಿಂತು ನೋಡಿದೆ,
ಖೇಮುವಿನ ಹಾಗೆ, ಹಗ್ಗದಿಂದ ಶುರುಮಾಡಿ:
ಧಕ್ಕೆಯ ಗೂಟದಿಂದ ಬಿಚ್ಚಿಕೊಂಡು
ನೀರು ಸೋರಿಸುತ್ತ ಅವನ ಕೈಗೆ ಹೋಗುತ್ತಿತ್ತು,
ಸುತ್ತು ಸುತ್ತಾಗಿ.