ಮೂರು ತಟ್ಟು

ಹೆಬ್ಬಾಳದ ಶೆಡ್ಡಿನಲ್ಲಿ ರಿವೆಟ್ಟುಗಳಿಗೇ ಒಂದು ಫ್ರಿಜ್ಜು.
ನಮ್ಮ ಮಜ್ಜಿಗೆ ಡಬ್ಬಿ ಅದರಲ್ಲಿ ಇಡುವಂತಿಲ್ಲ.
ಹೊರಗೆ ತೆಗೆದರೆ ಹತ್ತೇ ನಿಮಿಷ,
ಆಮೇಲೆ ಲೋಹ ಹಟ ಹಿಡಿಯುತ್ತದೆ,
ಹೊಡೆದರೆ ಅರಳುವುದಿಲ್ಲ, ಬಿರಿಯುತ್ತದೆ.

ನನ್ನ ಕೈಯಲ್ಲಿ ಗನ್ನು.
ರೆಕ್ಕೆಯ ಆಚೆಗೆ, ಟ್ಯಾಂಕಿನ ಗೂಡಿನೊಳಗೆ
ಭುಜದ ತನಕ ತೂರಿಕೊಂಡ ಫಿಲೋಮಿನಾ,
ಅವಳ ಅಂಗೈಯಲ್ಲಿ ಒಂದು ಉಕ್ಕಿನ ಗಟ್ಟಿ.
ನಾನು ಹೊಡೆಯಬೇಕು, ಅವಳು ತಡೆಯಬೇಕು.
ನಡುವೆ ತಗಡು.
ಕಿವಿಯಲ್ಲಿ ಹತ್ತಿ, ಗಾಳಿಯ ಗನ್ನಿನ ಗದ್ದಲ,
ಮಾತಿಗೆ ಅಲ್ಲಿ ಜಾಗವಿಲ್ಲ. ಅದಕ್ಕೇ ತಟ್ಟು.
ಒಂದು ಸಲ ತಟ್ಟಿದರೆ: ಇನ್ನೊಂಚೂರು ಹೊಡಿ.
ಎರಡು ಸಲ: ಸಾಕು, ಕೂತಿದೆ.
ಮೂರು: ಕೆಟ್ಟಿದೆ, ಕಿತ್ತು ಹಾಕು.

ಅವಳ ಗಂಡನ ಹೆಸರು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.
ಅವಳ ಮಣಿಕಟ್ಟು ಯಾವತ್ತು ನೋಯುತ್ತಿದೆ ಎಂಬುದು
ಮೊದಲ ವಾರವೇ ಗೊತ್ತಾಗುತ್ತಿತ್ತು.

ಗುರುವಾರ. ಸಾಲಿನ ಕೊನೆಯದು.
ಮಂಡ್ಯದ ಗಾಡಿಗೆ ಇಪ್ಪತ್ತೈದು ನಿಮಿಷ.
ಹೊಡೆದೆ.
ತಟ್. ತಟ್.
ಮೂರನೆಯದು ಕೇಳಲಿಲ್ಲ ಎಂದುಕೊಂಡೆ.
ಎಂದುಕೊಂಡೆ, ಅಷ್ಟೆ.
ಗನ್ನಿನ ಪೈಪು ಕಳಚಿದೆ, ಅದು ಉಸ್ಸೆಂದಿತು,
ಹಾಳೆಯಲ್ಲಿ ರುಜು ಹಾಕಿ ಓಡಿದೆ.

ಆ ಸಾಲಿನ ಹಿಂದೆಯೇ ಇಂಧನದ ಕೊಳವೆ ಹೋಗುತ್ತದೆ.
ಅದರ ಮೈಮೇಲೆ ಉದ್ದಕ್ಕೆ ಒಂದು ಬಿಳಿ ಗೆರೆ;
ಬಿಗಿಯುವಾಗ ಗೆರೆ ಸುತ್ತಿಕೊಂಡರೆ
ಒಳಗೆ ಕೊಳವೆಯೂ ತಿರುಚಿದೆ ಎಂದರ್ಥ.
ಬೋರಲಿಂಗಯ್ಯ ಮೇಷ್ಟ್ರು ಕಲಿಸುವಾಗ ಅನ್ನುತ್ತಿದ್ದರು:
'ಸುಳ್ ಹೇಳಕ್ ಆಗ್ಬಾರ್ದು ಅಂತ್ಲೇ
ಗೆರೆ ಎಳ್ದವ್ರೆ ಕಣವ್ವ.'
ನನ್ನ ಮೈಮೇಲೆ ಯಾರೂ ಎಳೆದಿರಲಿಲ್ಲ.

ನಾಗನಹಳ್ಳಿ ದಾಟಿತು. ಹೊಳೆಯ ಸೇತುವೆ ಮೇಲೆ ಗಾಡಿ
ದಡ್ ದಡ್ ದಡ್ ಎಂದಿತು,
ಎಣಿಸಬಾರದು ಎಂದುಕೊಂಡು ಎಣಿಸಿದೆ.
ಪಕ್ಕದ ಹೆಂಗಸು ಕಡಲೆಕಾಯಿ ಕೊಟ್ಟಳು.
ಮೂರು ಬೀಜದ ಕಾಯಿ.

ರಾತ್ರಿ ಊಟದ ತಟ್ಟೆಯ ಮೇಲೆ
ಬೆರಳು ತನಗೆ ತಾನೇ ತಟ್ಟುತ್ತಿತ್ತು.
'ಯಾರೋ ಬಂದವ್ರೆ' ಎಂದು
ಗಂಡ ಎದ್ದು ಹೋಗಿ ಬಾಗಿಲು ತೆಗೆದ.
ಬೀದಿದೀಪ, ನಾಯಿ, ಯಾರೂ ಇಲ್ಲ.
'ಇಲ್ವಲ್ಲೇ' ಎಂದ.
ಇದ್ದರು. ಹೇಳಲಿಲ್ಲ.

ಬೆಳಗಿನ ಮೊದಲ ಗಾಡಿ.
ಶೆಡ್ಡಿನ ಕಾವಲುಗಾರ ಇನ್ನೂ ಹಲ್ಲುಜ್ಜುತ್ತಿದ್ದ.
ಹಿಡಿಯುದ್ದದ ಕನ್ನಡಿ, ಟಾರ್ಚು, ಗೂಡಿನೊಳಗೆ ಕೈ:
ರಿವೆಟ್ಟಿನ ಬಾಲದ ಸುತ್ತ
ಕೆಂಪು ಪೆನ್ಸಿಲಿನ ಒಂದು ಉಂಗುರ.
ಹಾಳೆಯಲ್ಲಿ ನನ್ನ ರುಜುವಿನ ಪಕ್ಕ
ಅವಳ ಚೌಕ ಖಾಲಿ.

ಎಂಟಕ್ಕೆ ಬಂದಳು. ಸೆರಗು ಸಿಕ್ಕಿಸಿ ಏಪ್ರನ್ ಕಟ್ಟಿಕೊಂಡಳು.
'ತಿಂಡಿ ಆಯ್ತಾ?' ಎಂದಳು.
'ಆಯ್ತು' ಎಂದೆ. ಆಗಿರಲಿಲ್ಲ.
ನಾನು ಡ್ರಿಲ್ ಎತ್ತಿಕೊಂಡದ್ದು ನೋಡಿ
ಏನೂ ಕೇಳದೆ ಗೂಡಿನೊಳಗೆ ಕೈ ಹಾಕಿದಳು.

ತಲೆಯ ನಡುವಿಗೆ ಚುಕ್ಕೆ, ಆ ಚುಕ್ಕೆಗೆ ಡ್ರಿಲ್,
ತಲೆಯ ದಪ್ಪದಷ್ಟೇ ಆಳ, ಅದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚಲ್ಲ.
ಆಮೇಲೆ ಪಂಚಿನಿಂದ ಒಂದು ಸಣ್ಣ ಪೆಟ್ಟು.
ಉಳಿದದ್ದು ಒಳಗೆ ಅವಳ ಅಂಗೈಗೇ ಬಿತ್ತು.
ಹೊರಗೆ ತಂದು ತೋರಿಸಿದಳು:
ಒಂದು ಕಡೆಗೆ ವಾಲಿದ ಬಾಲ, ತುಳಿದ ಅಣಬೆಯ ಹಾಗೆ.
ಅಂಚಿನಲ್ಲಿ ಬಿರುಕು. ಉಗುರಿಗೆ ಸಿಗುತ್ತಿತ್ತು.

ಕಿತ್ತ ತೂತಿಗೆ ಹಳೆಯ ಅಳತೆ ಕೂರಲಿಲ್ಲ.
ಒಂದು ಸೈಜು ದಪ್ಪದ್ದು ಫ್ರಿಜ್ಜಿನಿಂದ ತಂದೆ,
ಬೆರಳ ತುದಿಗೆ ತಣ್ಣಗೆ ಕಚ್ಚಿತು.
ಅವಳ ಮುಖ ತಗಡಿನ ಹಿಂದೆ ಹೋಯಿತು.
ಹೊಡೆದೆ.
ತಟ್.
ಇನ್ನೊಂಚೂರು ಹೊಡೆದೆ.

ತುಂಬ ಹೊತ್ತು ಏನೂ ಇಲ್ಲ.
ಗಾಳಿಯ ಕಂಪ್ರೆಸರ್ ತುಂಬಿಕೊಂಡು ನಿಂತಿತು.
ಆಮೇಲೆ
ತಟ್.
ತಟ್.
ಕಿವಿಯ ಹತ್ತಿ ತೆಗೆದು
ಇನ್ನೂ ಕಾಯುತ್ತ ನಿಂತಿದ್ದೆ.